ಕೆಂಗೇರಿ ಮೋರಿಯ ಕತೆ: ಕೊಳಚೆ ಬೇರೆ, ಕೆಮಿಕಲ್ ಬೇರೆ

ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋದವರಿಗೆಲ್ಲ ಕೆಂಗೇರಿ ಮೋರಿ ಗೊತ್ತು. ನಾಯಂಡಹಳ್ಳಿ ದಾಟುತ್ತಿದ್ದಂತೆ ಕಿಟಕಿ ಮುಚ್ಚುವವರು, ಕರವಸ್ತ್ರ ತೆಗೆಯುವವರು ಈಗಲೂ ಇದ್ದಾರೆ. ಅದು ಮೋರಿಯಲ್ಲ, ನದಿ. ಹೆಸರು ವೃಷಭಾವತಿ. ಕಾವೇರಿಗೆ ಸೇರುವ ಅರ್ಕಾವತಿಯ ಉಪನದಿ.

ನದಿಯೊಂದು ಮೋರಿಯಾದ ಕತೆ ಹೊಸದಲ್ಲ, ಹೇಳಿದವರೂ ಬಹಳ ಜನ. ಆದರೆ ಆ ಕತೆಯೊಳಗೆ ಇನ್ನೊಂದು ಕತೆ ಇದೆ. ನೀರಿಗೆ ಸೇರಿದ ರಾಸಾಯನಿಕವನ್ನು ತೆಗೆಯುವುದು ಹೇಗೆ, ಯಾವಾಗ ತೆಗೆಯಬಹುದು, ಯಾವಾಗ ತೆಗೆಯಲಾಗುವುದಿಲ್ಲ ಎಂಬ ಕತೆ. ಬೆಂಗಳೂರಿನ ಬಳಸಿದ ನೀರು ಪೈಪಿನಲ್ಲಿ ಹಳ್ಳಿ ಕೆರೆಗಳಿಗೆ ಬರುತ್ತಿರುವ ಈ ಕಾಲದಲ್ಲಿ ಅದು ನಮಗೂ ನಿಮಗೂ ಬೇಕಾದ ಕತೆ.

ಬಸವನ ಪಾದದಿಂದ ಸಂಗಮದವರೆಗೆ

ವೃಷಭ ಎಂದರೆ ಬಸವ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಈ ನದಿ ಹುಟ್ಟುತ್ತದೆ ಎಂಬುದು ಹಳೆಯ ನಂಬಿಕೆ. ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿತೀರ್ಥದಲ್ಲಿ ಕಲ್ಲಿನ ನಂದಿಯ ಬಾಯಿಂದ ನೀರು ಬೀಳುತ್ತದಲ್ಲ, ಅದೇ ಮೂಲ ಎನ್ನುವವರೂ ಇದ್ದಾರೆ. ಪೀಣ್ಯದ ಕಡೆಯಿಂದ ಬರುವ ಕವಲೂ ಒಂದಿದೆ. ಬೆಂಗಳೂರಿನ ಪಶ್ಚಿಮದ ಏರಿನಲ್ಲಿ ಬಿದ್ದ ಮಳೆ ಹಲವು ಹಳ್ಳಗಳಾಗಿ ಇಳಿದು ಒಂದಾದದ್ದೇ ಈ ನದಿ. ಹಾಗಾಗಿ ಎಲ್ಲರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ರಾಜಕಾಲುವೆಗಳ ನೀರು ಹೊತ್ತು ನದಿ ಮೈಸೂರು ರಸ್ತೆಗೆ ಬರುತ್ತದೆ. ಗಾಳಿ ಆಂಜನೇಯ ದೇವಸ್ಥಾನದ ಪಕ್ಕದಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿ, ಕುಂಬಳಗೋಡು ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಸುವರ್ಣಮುಖಿ ಕೂಡಿಕೊಂಡು, ಕನಕಪುರದ ಕಡೆ ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಕಾವೇರಿಯೊಳಗೆ ಒಂದಾಗುತ್ತದೆ.

ಬೈರಮಂಗಲ ಜಲಾಶಯ ಕಟ್ಟಿದ್ದು 1940ರ ದಶಕದಲ್ಲಿ. ಆಗಿನ ಮೈಸೂರು ಸರ್ಕಾರ ಕೊಳಚೆ ತುಂಬಿಸಲೆಂದು ಅದನ್ನು ಕಟ್ಟಿರಲಿಲ್ಲ. ಮಳೆಗಾಲದ ನೀರು ನಿಲ್ಲಿಸಿ, ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಭತ್ತ, ಕಬ್ಬು ಬೆಳೆಸಬೇಕೆಂದು ಕಟ್ಟಿತು. ಜನ ಈ ನೀರಿನಲ್ಲಿ ಮೀಯುತ್ತಿದ್ದರು, ಮೀನು ಹಿಡಿಯುತ್ತಿದ್ದರು, ದನ ತೊಳೆಯುತ್ತಿದ್ದರು.

ಮೇಲೆ ಕಾರ್ಖಾನೆ, ಕೆಳಗೆ ಗದ್ದೆ

ಈ ಕಣಿವೆಗೆ ಕಾರ್ಖಾನೆ ಬಂದದ್ದು ಸ್ವಾತಂತ್ರ್ಯಕ್ಕಿಂತ ಮೊದಲೇ. ಬಿನ್ನಿ ಮಿಲ್ ಎಂದು ಹೆಸರಾದ ಬಟ್ಟೆ ಗಿರಣಿ 1884ರದ್ದು. ಬಟ್ಟೆ ಗಿರಣಿ ಎಂದ ಮೇಲೆ ಬಣ್ಣ, ಸೋಡ, ಬ್ಲೀಚಿಂಗ್ ಪುಡಿ ಇದ್ದದ್ದೇ. ಆದರೆ ಅಂದಿನ ಬೆಂಗಳೂರು ಸಣ್ಣದು, ಕೆರೆಗಳು ತುಂಬಿದ್ದವು. ಬಿಟ್ಟದ್ದು ಮಳೆಗೆ ಕೊಚ್ಚಿ ಹೋಗುತ್ತಿತ್ತು.

ದೊಡ್ಡ ಬದಲಾವಣೆ ಶುರುವಾದದ್ದು 1949ರಲ್ಲಿ. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಹೆಸರಿನಲ್ಲಿ ರಾಜಾಜಿನಗರ ಹುಟ್ಟಿತು. ಅದು ಬರೀ ಮನೆಗಳ ಬಡಾವಣೆಯಲ್ಲ, ಕೈಗಾರಿಕಾ ಉಪನಗರ. ಮೈಸೂರು ಸ್ಯಾಂಡಲ್ ಸೋಪು ಮಾಡುವ ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ಅಲ್ಲಿಗೇ ಬಂತು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ರಾಜಾಜಿನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ ಉದ್ದಕ್ಕೂ ಎದ್ದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು.

ಈ ಶೆಡ್ಡುಗಳಲ್ಲಿ ನಡೆಯುವ ಒಂದು ಕೆಲಸ ನಮ್ಮ ಕತೆಗೆ ಮುಖ್ಯ. ಅದು ಪ್ಲೇಟಿಂಗ್. ಸೈಕಲ್ ಹ್ಯಾಂಡಲ್, ನಲ್ಲಿ, ಬೋಲ್ಟು, ಯಂತ್ರದ ಭಾಗ ಹೊಳೆಯುವಂತೆ, ತುಕ್ಕು ಹಿಡಿಯದಂತೆ ಮಾಡಲು ಅದರ ಮೇಲೆ ಕ್ರೋಮಿಯಂ, ನಿಕಲ್, ಸತು ಲೇಪಿಸುತ್ತಾರೆ. ಲೋಹ ಕರಗಿದ ತೊಟ್ಟಿಯಲ್ಲಿ ವಸ್ತುವನ್ನು ಅದ್ದಿ ಕರೆಂಟು ಹರಿಸುತ್ತಾರೆ. ಆಮೇಲೆ ನೀರಿನಲ್ಲಿ ತೊಳೆಯುತ್ತಾರೆ. ಆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ.

ಒಂದು ಸಣ್ಣ ಲೆಕ್ಕ ನೋಡಿ. ಸಾಮಾನ್ಯವಾಗಿ ಕ್ರೋಮ್ ತೊಟ್ಟಿಯ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ. ಅದರಲ್ಲಿ ಕ್ರೋಮಿಯಂ ಲೋಹ ಸುಮಾರು 130 ಗ್ರಾಂ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅಂದರೆ ಆ ಒಂದು ಲೀಟರ್ ದ್ರಾವಣ 26 ಲಕ್ಷ ಲೀಟರ್ ಒಳ್ಳೆಯ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 260 ಟ್ಯಾಂಕರ್!

ಕ್ರೋಮಿಯಂ ಎರಡು ರೂಪದಲ್ಲಿ ಸಿಗುತ್ತದೆ. ಹಸಿರು ಬಣ್ಣದ್ದು ಅಷ್ಟು ಉಪದ್ರವಿಯಲ್ಲ. ಹಳದಿ ಬಣ್ಣದ್ದು, ಹೆಕ್ಸಾವೇಲೆಂಟ್ ಎನ್ನುವುದು, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಪ್ಲೇಟಿಂಗ್ ತೊಟ್ಟಿಯಲ್ಲಿ ಹೆಚ್ಚಾಗಿ ಬಳಸುತ್ತಾ ಬಂದದ್ದು ಎರಡನೆಯದು.

1974: ಒಂದೇ ವರ್ಷ ಮೂರು ಸಂಗತಿ

ಈ ನದಿಯ ಚರಿತ್ರೆಯಲ್ಲಿ 1974 ಬಹಳ ದೊಡ್ಡ ವರ್ಷ.

ಆ ವರ್ಷ ಕಾವೇರಿ ನೀರು ಬೆಂಗಳೂರಿಗೆ ಬಂತು. ಅದಕ್ಕೆ ಮೊದಲು ಊರಿಗೆ ನೀರು ಕೊಡುತ್ತಿದ್ದದ್ದು 1896ರ ಹೆಸರಘಟ್ಟ, 1933ರ ತಿಪ್ಪಗೊಂಡನಹಳ್ಳಿ. ಎರಡೂ ಅರ್ಕಾವತಿಯವು. ಕಾವೇರಿ ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್ ಬಂತು. 1982ರಲ್ಲಿ ಎರಡನೇ ಹಂತ, 1993ರಲ್ಲಿ ಮೂರನೇದು, 2002 ಮತ್ತು 2012ರಲ್ಲಿ ನಾಲ್ಕನೇ ಹಂತದ ಎರಡು ಭಾಗ, 2024ರಲ್ಲಿ 77.5 ಕೋಟಿ ಲೀಟರಿನ ಐದನೇ ಹಂತ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ನೀರು ಇದು.

ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಬಚ್ಚಲು, ಕಕ್ಕಸಿನಿಂದ ಹೊರಗೆ ಹೋಗುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕ. ಹಾಗಾಗಿ ಕಾವೇರಿಯ ಪ್ರತಿ ಹಂತ ಬಂದಾಗಲೂ ವೃಷಭಾವತಿ ಉಬ್ಬಿತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಹಳ್ಳ ವರ್ಷವಿಡೀ ಹರಿಯುವ ನದಿಯಾಯಿತು. ಕಾವೇರಿಯಿಂದ ಎತ್ತಿದ ನೀರು ಬೆಂಗಳೂರಿನ ಮನೆಗಳನ್ನು ಸುತ್ತಿ, ವೃಷಭಾವತಿಯಾಗಿ ಮತ್ತೆ ಕಾವೇರಿಗೇ ಇಳಿಯತೊಡಗಿತು. ಹೋಗುವಾಗ ಒಂದು ಬಣ್ಣ, ಬರುವಾಗ ಇನ್ನೊಂದು.

ಅದೇ 1974ರಲ್ಲಿ ಸಂಸತ್ತು ಜಲ ಮಾಲಿನ್ಯ ತಡೆ ಕಾಯ್ದೆ ತಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಇನ್ನು ಮುಂದೆ ಯಾವ ಕಾರ್ಖಾನೆಯೂ ಮಂಡಳಿಯ ಒಪ್ಪಿಗೆ ಇಲ್ಲದೆ ನೀರು ಬಿಡುವ ಹಾಗಿಲ್ಲ ಎಂದಾಯಿತು. ನೀರು, ಕಾನೂನು, ಕಾವಲುಗಾರ, ಮೂರೂ ಒಂದೇ ವರ್ಷ ಬಂದವು. ಐವತ್ತು ವರ್ಷದ ಮೇಲೆ ನೋಡಿದರೆ ನೀರು ಮಾತ್ರ ತನ್ನ ಕೆಲಸ ತಪ್ಪದೆ ಮಾಡಿದೆ.

ಕೊಳಚೆಯನ್ನು ತಿನ್ನುವ ಸೂಕ್ಷ್ಮಜೀವಿಗಳು

ಕೊಳಚೆ ನೀರನ್ನು ಶುದ್ಧ ಮಾಡುವ ವಿದ್ಯೆಗೂ ಬೆಂಗಳೂರಿಗೂ ಹಳೆಯ ನಂಟಿದೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅರ್ಡೆನ್ ಮತ್ತು ಲಾಕೆಟ್ ಎಂಬಿಬ್ಬರು ಒಂದು ವಿಧಾನ ಕಂಡುಹಿಡಿದರು. ಕೊಳಚೆಗೆ ಗಾಳಿ ಊದುತ್ತಿದ್ದರೆ ಅದರೊಳಗಿನ ಸೂಕ್ಷ್ಮಜೀವಿಗಳು ಹೆಚ್ಚಿ ಕೊಳೆಯನ್ನು ತಿಂದುಹಾಕುತ್ತವೆ. ಆಮೇಲೆ ಅವು ಗಸಿಯಾಗಿ ತಳಕ್ಕೆ ಇಳಿದಾಗ ಮೇಲಿನ ತಿಳಿನೀರು ಬಿಡಬಹುದು. ಇಂದು ಪ್ರಪಂಚದ ಎಲ್ಲ ಕಡೆ ನಡೆಯುತ್ತಿರುವುದು ಹೆಚ್ಚಾಗಿ ಇದೇ ವಿಧಾನ. ಅವರಿಬ್ಬರಿಗೆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್. ಈ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ವೃಷಭಾವತಿಯ ಒಂದು ಮೂಲವಾದ ಮಲ್ಲೇಶ್ವರದ ಪಕ್ಕದಲ್ಲೇ ಆ ಸಂಸ್ಥೆ ಇದೆ. ವಿದ್ಯೆ ನದಿಯ ತಲೆಯ ಹತ್ತಿರವೇ ಇತ್ತು, ನದಿಗೆ ಇಳಿಯಲು ಮಾತ್ರ ಅರ್ಧ ಶತಮಾನ ಹಿಡಿಯಿತು.

1964ರಲ್ಲಿ ಬೆಂಗಳೂರು ಜಲಮಂಡಳಿ ಆಯಿತು. 1970ರ ದಶಕದಿಂದ ಕಣಿವೆಯಲ್ಲಿ ಶುದ್ಧೀಕರಣ ಘಟಕಗಳ ಕೆಲಸ ಶುರುವಾಯಿತು. ಮೈಸೂರು ರಸ್ತೆ ಪಕ್ಕದ ವೃಷಭಾವತಿ ಘಟಕ ದಿನಕ್ಕೆ 18 ಕೋಟಿ ಲೀಟರಿನದು. ಅಲ್ಲಿ ಬಳಸಿದ್ದು ಟ್ರಿಕ್ಲಿಂಗ್ ಫಿಲ್ಟರ್ ವಿಧಾನ. ದೊಡ್ಡ ದುಂಡನೆ ತೊಟ್ಟಿಯಲ್ಲಿ ಕಲ್ಲು ತುಂಬಿ, ಮೇಲಿಂದ ಕೊಳಚೆ ಚಿಮುಕಿಸುತ್ತಾರೆ. ಕಲ್ಲಿನ ಮೇಲೆ ಪಾಚಿಯಂತೆ ಕಟ್ಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಆಮೇಲೆ ಕೆಂಗೇರಿ ಹತ್ತಿರದ ಮೈಲಸಂದ್ರದಲ್ಲಿ 7.5 ಕೋಟಿ ಲೀಟರಿನ ಇನ್ನೊಂದು ಘಟಕ ಬಂತು. ವೃಷಭಾವತಿ ಘಟಕದಲ್ಲೇ 6 ಕೋಟಿ ಲೀಟರನ್ನು ಇನ್ನಷ್ಟು ಸೋಸುವ ಮೂರನೇ ಹಂತವೂ ಸೇರಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸೂಕ್ಷ್ಮಜೀವಿ ತಿನ್ನುವುದು ಏನನ್ನು? ಮಲ, ಮೂತ್ರ, ಅನ್ನದ ಗಂಜಿ, ಎಣ್ಣೆ ಜಿಡ್ಡು. ತಿಪ್ಪೆಯಲ್ಲಿ ಕೊಳೆಯುವುದೆಲ್ಲ ಅದರ ಊಟ. ಕ್ರೋಮಿಯಂ, ನಿಕಲ್, ಸೀಸ ತಿಪ್ಪೆಯಲ್ಲಿ ಕೊಳೆಯುತ್ತವೆಯೇ? ಇಲ್ಲ. ಅವು ಧಾತುಗಳು. ಅವನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಹೆಚ್ಚಾದರೆ ಆ ಜೀವಿಗಳೇ ಸಾಯುತ್ತವೆ, ಆಗ ಘಟಕ ಕೊಳಚೆ ತಿನ್ನುವ ಕೆಲಸವನ್ನೂ ನಿಲ್ಲಿಸುತ್ತದೆ.

ಘಟಕಕ್ಕೆ ಬಂದ ಲೋಹ ಎರಡು ಕಡೆ ಹೋಗುತ್ತದೆ. ಸ್ವಲ್ಪ ನೀರಿನ ಜೊತೆ ಮುಂದಕ್ಕೆ, ಸ್ವಲ್ಪ ಗಸಿಯ ಜೊತೆ ತಳಕ್ಕೆ. ಆ ಗಸಿ ಒಣಗಿದ ಮೇಲೆ ಕೆಲವು ಕಡೆ ಗೊಬ್ಬರವೆಂದು ಹೊಲಕ್ಕೆ ಬರುತ್ತದೆ. ಲೋಹ ಎಲ್ಲಿಗೂ ಮಾಯವಾಗಿಲ್ಲ, ಜಾಗ ಬದಲಿಸಿದೆ ಅಷ್ಟೇ.

ಇನ್ನೊಂದು ವಿಷಯ. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೊಳಚೆ ಶುದ್ಧೀಕರಣ ಘಟಕಗಳಿಗೆ ಹೊಸ ಮಾನದಂಡ ಪ್ರಕಟಿಸಿತು. ಅದರಲ್ಲಿ ನೋಡಬೇಕಾದದ್ದು ನಾಲ್ಕೇ ಸಂಗತಿ: ಹುಳಿ ಕ್ಷಾರದ ಪ್ರಮಾಣ, ಕೊಳೆಯುವ ವಸ್ತು ಎಷ್ಟು ಉಳಿದಿದೆ ಎನ್ನುವ ಬಿಒಡಿ, ತೇಲುವ ಕಣ, ಮಲದ ಬ್ಯಾಕ್ಟೀರಿಯಾ. 2019ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಬಿಗಿ ಮಾಡಿ ಸಾರಜನಕ, ರಂಜಕಗಳನ್ನೂ ಸೇರಿಸಿತು. ಲೋಹಗಳ ಹೆಸರು ಇದರಲ್ಲಿ ಬರಲಿಲ್ಲ. ಆದ್ದರಿಂದ "ನೀರು ಮಾನದಂಡದಂತೆ ಇದೆ" ಎಂದು ಅಧಿಕಾರಿ ಹೇಳಿದರೆ ಅದು ಸುಳ್ಳೇ ಆಗಬೇಕಾಗಿಲ್ಲ. ಆ ಮಾತಿನಲ್ಲಿ ಕ್ರೋಮಿಯಂ ವಿಷಯ ಇಲ್ಲ, ಅಷ್ಟೇ.

ಹಾಲು ಒಡೆಸಿದ ಹಾಗೆ ಲೋಹ ತೆಗೆಯುವುದು

ಹಾಗಾದರೆ ಲೋಹ ತೆಗೆಯಲು ಆಗುವುದೇ ಇಲ್ಲವೇ? ಖಂಡಿತ ಆಗುತ್ತದೆ. ವಿಧಾನ ಹಳೆಯದು, ಸುಲಭ, ಬೇಕಾದ ಸಾಮಾನು ರೈತರಿಗೆ ಪರಿಚಯದ್ದೇ.

ಕದಡಿದ ನೀರಿಗೆ ಚಿಲ್ಲದ ಬೀಜ ತೇದು ಹಾಕುತ್ತಿದ್ದದ್ದು, ಪಟಿಕ ಆಡಿಸುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಮಣ್ಣಿನ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ತಳಕ್ಕೆ ಕೂರುತ್ತವೆ. ಆದರೆ ಲೋಹ ಕಣವಾಗಿ ತೇಲುವುದಿಲ್ಲ, ಉಪ್ಪಿನಂತೆ ಕರಗಿರುತ್ತದೆ. ಅದನ್ನು ಮೊದಲು ಕರಗದ ರೂಪಕ್ಕೆ ತರಬೇಕು. ಹಾಲಿಗೆ ನಿಂಬೆಹುಳಿ ಹಿಂಡಿದರೆ ಒಡೆದು ಗಟ್ಟಿ ಬೇರೆ, ನೀರು ಬೇರೆ ಆಗುತ್ತದಲ್ಲ, ಹಾಗೆ.

ಕ್ರೋಮಿಯಂ ನೀರಿಗೆ ಇದನ್ನು ಮಾಡುವ ಕ್ರಮ ಹೀಗಿದೆ. ಮೊದಲು ಆಮ್ಲ ಹಾಕಿ ನೀರನ್ನು ಹುಳಿ ಮಾಡುತ್ತಾರೆ. ಆಮೇಲೆ ಅನ್ನಭೇದಿ ಹಾಕುತ್ತಾರೆ. ಗಿಡದ ಎಲೆ ಹಳದಿಯಾದಾಗ ನೀವು ಸಿಂಪಡಿಸುವ ಅದೇ ಅನ್ನಭೇದಿ. ಅದರ ಬದಲು ಸೋಡಿಯಂ ಮೆಟಾಬೈಸಲ್ಫೈಟ್ ಕೂಡ ನಡೆಯುತ್ತದೆ. ಆಗ ಹಳದಿ ಬಣ್ಣದ ವಿಷಕಾರಿ ಕ್ರೋಮಿಯಂ ಹಸಿರು ರೂಪಕ್ಕೆ ತಿರುಗುತ್ತದೆ. ಕೊನೆಗೆ ಸುಣ್ಣದ ತಿಳಿ ಹಾಕಿ ಕ್ಷಾರ ಹೆಚ್ಚಿಸಿದರೆ ಕ್ರೋಮಿಯಂ ಬೂದು ಹಸಿರು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ನಿಕಲ್, ಸತು, ತಾಮ್ರಕ್ಕೂ ಸುಣ್ಣವೇ ಮದ್ದು, ಒಂದೊಂದಕ್ಕೆ ಬೇಕಾದ ಕ್ಷಾರದ ಮಟ್ಟ ಮಾತ್ರ ಸ್ವಲ್ಪ ಬೇರೆ. ಸಯನೈಡ್ ಇದ್ದರೆ ಅದನ್ನು ಬೇರೆ ತೊಟ್ಟಿಯಲ್ಲಿ ಕ್ಷಾರದ ಜೊತೆ ಕ್ಲೋರಿನ್ ಹಾಕಿ ಒಡೆಯಬೇಕು. ಅದನ್ನು ಆಮ್ಲದ ನೀರಿಗೆ ಬೆರೆಸಿದರೆ ಜೀವ ತೆಗೆಯುವ ಗಾಳಿ ಏಳುತ್ತದೆ.

ಗಸಿಯನ್ನು ಒತ್ತಿ ಹಿಂಡಿ, ಒಣಗಿಸಿ, ಅಪಾಯಕಾರಿ ತ್ಯಾಜ್ಯ ಹೂಳುವ ಜಾಗಕ್ಕೆ ಕಳಿಸಬೇಕು. ಅಂಥ ಜಾಗ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ. ಉಳಿದ ನೀರನ್ನು ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸಿದರೆ ಬಣ್ಣ, ಎಣ್ಣೆ, ವಾಸನೆ ಹೋಗುತ್ತದೆ. ಇನ್ನೂ ಬೇಕಾದರೆ ಆರ್‌ಒ ಹಾಕಿ ಅದೇ ನೀರನ್ನು ಮತ್ತೆ ತೊಳೆಯಲು ಬಳಸಬಹುದು.

ಇದೆಲ್ಲ ನಡೆಯುವುದು ನೀರು ಕಡಿಮೆ, ಲೋಹ ಹೆಚ್ಚು ಇರುವಾಗ. ಅಂದರೆ ಕಾರ್ಖಾನೆಯ ಒಳಗೆ, ತೊಟ್ಟಿಯ ಬುಡದಲ್ಲಿ. ಒಂದು ಸಲ ಅದು ಮೋರಿಗೆ ಇಳಿದು ಕೋಟಿಗಟ್ಟಲೆ ಲೀಟರ್ ಕೊಳಚೆಯಲ್ಲಿ ಬೆರೆತರೆ ಕತೆ ಬೇರೆ. ಸಾರಿಗೆ ಬಿದ್ದ ಕರಿಬೇವಿನ ಎಲೆಯನ್ನು ಸೌಟಿನಿಂದ ಎತ್ತಿ ಹಾಕಬಹುದು. ಹೆಚ್ಚಾದ ಉಪ್ಪನ್ನು ಎತ್ತಲಾಗುತ್ತದೆಯೇ? ಕೊಳಚೆ ಕರಿಬೇವಿದ್ದ ಹಾಗೆ. ಕೆಮಿಕಲ್ ಉಪ್ಪಿದ್ದ ಹಾಗೆ. ವೃಷಭಾವತಿಯ ಎಪ್ಪತ್ತೈದು ವರ್ಷದ ಕತೆಯಿಂದ ಕಲಿಯಬೇಕಾದದ್ದು ಇದೊಂದೇ. ಲೋಹವನ್ನು ಹುಟ್ಟಿದ ಕಡೆಯೇ ಹಿಡಿಯಬೇಕು. ಆಮೇಲೆ ಹಿಡಿಯುತ್ತೇವೆ ಎನ್ನುವುದು ಮಾತಿಗಷ್ಟೇ.

ಗೊತ್ತಿದ್ದೂ ಯಾಕೆ ನಡೆಯಲಿಲ್ಲ

ವಿಧಾನ ಗೊತ್ತಿತ್ತು, ಕಾನೂನಿತ್ತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ನಿಯಮಗಳು ನದಿಗೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಎನ್ನುತ್ತವೆ. ಆದರೂ ತಪ್ಪಿದ್ದೆಲ್ಲಿ?

ಮೊದಲನೆಯದು, ಶೆಡ್ಡುಗಳ ಗಾತ್ರ. ಹತ್ತಾರು ಜನ ಕೆಲಸ ಮಾಡುವ, ಮೂವತ್ತು ನಲವತ್ತು ಅಡಿ ಜಾಗದ ಪ್ಲೇಟಿಂಗ್ ಶೆಡ್ಡಿನಲ್ಲಿ ನಾಲ್ಕು ತೊಟ್ಟಿಯ ಶುದ್ಧೀಕರಣ ಘಟಕ ಎಲ್ಲಿ ಇಡುವುದು? ದೊಡ್ಡ ಕಂಪನಿ ಬೋಲ್ಟಿಗೆ ಕೊಡುವ ರೇಟಿನಲ್ಲಿ ನೀರು ತೊಳೆಯುವ ಖರ್ಚು ಸೇರಿರುವುದಿಲ್ಲ. ಇದಕ್ಕೆ ಪರಿಹಾರವಾಗಿ ಹಲವು ಕಾರ್ಖಾನೆಗಳಿಗೆ ಸೇರಿ ಒಂದು ಸಾಮೂಹಿಕ ಘಟಕ ಎಂಬ ವ್ಯವಸ್ಥೆ ಬಂತು. ಶೆಡ್ಡಿನವರು ನೀರು ಶೇಖರಿಸಿ ಟ್ಯಾಂಕರಿನಲ್ಲಿ ಕಳಿಸಬೇಕು, ದುಡ್ಡು ಕೊಡಬೇಕು. ಟ್ಯಾಂಕರು ದಾರಿಯಲ್ಲೇ ರಾಜಕಾಲುವೆಗೆ ಖಾಲಿಯಾಗುತ್ತದೆ ಎಂಬ ದೂರು ಇಂದು ನಿನ್ನೆಯದಲ್ಲ.

ಎರಡನೆಯದು, ಒಂದೇ ಕಾಲುವೆ. ಮಳೆನೀರು, ಮನೆಯ ಕೊಳಚೆ, ಕಾರ್ಖಾನೆಯ ನೀರು, ಮೂರೂ ಒಂದೇ ರಾಜಕಾಲುವೆಯಲ್ಲಿ. ಬಡಾವಣೆ ಮೊದಲು, ಒಳಚರಂಡಿ ಆಮೇಲೆ ಎಂಬ ಕ್ರಮದಲ್ಲಿ ಊರು ಬೆಳೆಯಿತು. 1951ರಲ್ಲಿ ಎಂಟು ಲಕ್ಷದ ಹತ್ತಿರ ಇದ್ದ ಬೆಂಗಳೂರು 2011ರಲ್ಲಿ 84 ಲಕ್ಷ ದಾಟಿತು. ಯಾವ ಹನಿ ಯಾರ ಮನೆಯದು, ಯಾವುದು ಯಾವ ಶೆಡ್ಡಿನದು ಎಂದು ಹೇಳಲಾಗದ ಸ್ಥಿತಿ ಬಂತು. ಕದಡಿದ ನೀರಿನಲ್ಲಿ ಕಳ್ಳನಿಗೆ ಅನುಕೂಲ.

ಮೂರನೆಯದು, ಪರೀಕ್ಷೆಯ ಹೊತ್ತು. ಮಂಡಳಿಯ ಮಾದರಿ ತೆಗೆಯುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಹಗಲು ಹೊತ್ತು. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯವರು ವೃಷಭಾವತಿಯಲ್ಲಿ ದಿನದ ಬೇರೆ ಬೇರೆ ಹೊತ್ತಿನಲ್ಲಿ ಮಾದರಿ ತೆಗೆದು ನೋಡಿದರು. ಲೋಹದ ಪ್ರಮಾಣ ಗಂಟೆಯಿಂದ ಗಂಟೆಗೆ ಏರಿ ಇಳಿಯುತ್ತಿತ್ತು. ತಿಂಗಳಿಗೊಂದು ಬಾಟಲಿ ತುಂಬಿದರೆ ಈ ಏರಿಳಿತ ಕಾಣುವುದೇ ಇಲ್ಲ. ಹಾಲಿನ ಡೇರಿಯಲ್ಲಿ ದಿನಕ್ಕೆರಡು ಸಲ ಹಾಲು ಪರೀಕ್ಷೆ ಮಾಡುತ್ತಾರೆ. ನೀರಿಗೆ ಅಷ್ಟು ಮರ್ಯಾದೆ ಸಿಕ್ಕಿಲ್ಲ.

ಇತ್ತೀಚಿನ ವರ್ಷಗಳಲ್ಲಿ ವಿಷಯ ಹೈಕೋರ್ಟಿಗೂ ಹೋಯಿತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, ನದಿಯನ್ನು ಅಧ್ಯಯನ ಮಾಡಿ ದಾರಿ ಹೇಳಲಿ ಎಂದು ನ್ಯಾಯಾಲಯ ಸೂಚಿಸಿತು.

ಬೈರಮಂಗಲ: ನೀರಿದೆ, ಭತ್ತ ಇಲ್ಲ

ಬೈರಮಂಗಲದ ರೈತರ ಕತೆಯಲ್ಲಿ ಸರಿ ತಪ್ಪು ಬೇರೆ ಮಾಡುವುದು ಕಷ್ಟ. ಕೋಲಾರದವರು ಸಾವಿರ ಅಡಿ ಕೊರೆದರೂ ನೀರಿಲ್ಲ ಎನ್ನುವಾಗ ಇವರ ಕಾಲುವೆಯಲ್ಲಿ ಏಪ್ರಿಲ್ ಮೇನಲ್ಲೂ ನೀರು. ಅದರಲ್ಲಿ ಸಾರಜನಕ, ರಂಜಕ ಇರುವುದರಿಂದ ಗೊಬ್ಬರದ ಖರ್ಚೂ ಕಡಿಮೆ. ಮೊದಮೊದಲು ಅದು ವರವಾಗಿಯೇ ಕಂಡಿತು.

ಕೊಳಚೆ ಹೆಚ್ಚಿದಂತೆ ಭತ್ತ ಕೈಕೊಟ್ಟಿತು. ಪೈರು ಎತ್ತರಕ್ಕೆ ಬೆಳೆಯುತ್ತಿತ್ತು, ಕಾಳು ಕಟ್ಟುತ್ತಿರಲಿಲ್ಲ. ಗದ್ದೆಗೆ ಇಳಿದವರ ಕಾಲಿಗೆ ಕಡಿತ, ಹುಣ್ಣು. ರೈತರು ಒಬ್ಬೊಬ್ಬರಾಗಿ ಬೇಬಿ ಕಾರ್ನ್, ಹಿಪ್ಪುನೇರಳೆ, ಮೇವಿನ ಹುಲ್ಲಿಗೆ ಬದಲಾದರು. ಬೇಬಿ ಕಾರ್ನ್ ಎರಡು ತಿಂಗಳ ಆಸುಪಾಸಿನಲ್ಲಿ ಕೈಗೆ ಬರುತ್ತದೆ, ಅದರ ದಂಟು ಹಸುವಿಗೆ ಮೇವಾಗುತ್ತದೆ. ಹುಲ್ಲು ತಿಂದ ಹಸು ಹಾಲು ಕೊಡುತ್ತದೆ, ಹಾಲು ಬೆಂಗಳೂರಿಗೆ ಹೋಗುತ್ತದೆ. ಬೆಂಗಳೂರು ಬಿಟ್ಟದ್ದು ಬೆಂಗಳೂರಿನ ಲೋಟಕ್ಕೇ ವಾಪಸು ಬರುವ ದಾರಿ ಇದು.

ಬಾವಿ, ಕೊಳವೆಬಾವಿಗಳ ನೀರು ಕುಡಿಯಲಾಗದೆ ಹೋಯಿತು. ಮಳೆಗಾಲದಲ್ಲಿ ಕೆರೆಯ ತೂಬಿನ ಬಳಿ ನೊರೆ ಆಳೆತ್ತರಕ್ಕೆ ಏಳುವುದನ್ನು ಟಿವಿಯಲ್ಲಿ ನೀವೂ ನೋಡಿರಬಹುದು. ನೊರೆ ಮುಖ್ಯವಾಗಿ ಸೋಪಿನ ಪುಡಿಯಿಂದ. ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಸುದ್ದಿಯಾಗುತ್ತದೆ. ಲೋಹ ಕಾಣುವುದಿಲ್ಲ. ಅದು ಮಣ್ಣಿಗೆ ಸೇರಿದರೆ ಮಳೆಗೂ ತೊಳೆದು ಹೋಗುವುದಿಲ್ಲ, ಬಿಸಿಲಿಗೂ ಸುಟ್ಟು ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ.

ಕೆಲವು ವರ್ಷದ ಹಿಂದೆ ಸರ್ಕಾರ ಕೊಳಚೆ ಕೆರೆಗೆ ಬೀಳದಂತೆ ಪಕ್ಕದಿಂದ ಕಾಲುವೆ ತೆಗೆದು ಮುಂದಕ್ಕೆ ಸಾಗಿಸುವ ಕೆಲಸ ಕೈಗೆತ್ತಿಕೊಂಡಿತು. ಕೆರೆ ಉಳಿಯಬಹುದು, ಆದರೆ ಕಾಲುವೆ ಮುಗಿಯುವ ಕಡೆ ಇನ್ನೊಂದು ಊರಿದೆ. ರಾಜಾಜಿನಗರದ ಕೊಳೆ ನಾಯಂಡಹಳ್ಳಿಗೆ, ನಾಯಂಡಹಳ್ಳಿಯದು ಕೆಂಗೇರಿಗೆ, ಕೆಂಗೇರಿಯದು ಬೈರಮಂಗಲಕ್ಕೆ, ಬೈರಮಂಗಲದ್ದು ಕನಕಪುರಕ್ಕೆ. ಎಪ್ಪತ್ತೈದು ವರ್ಷದಲ್ಲಿ ನಾವು ಹೆಚ್ಚಾಗಿ ಮಾಡಿದ್ದು ಇದೇ: ತೆಗೆಯುವ ಬದಲು ಕೆಳಕ್ಕೆ ತಳ್ಳಿದ್ದು.

ಈಗ ನಿಮ್ಮ ಊರಿನ ಕೆರೆಗೆ

2018ರ ಜೂನ್‌ನಲ್ಲಿ ಬೆಂಗಳೂರಿನ ಇನ್ನೊಂದು ಕಣಿವೆಯಾದ ಕೋರಮಂಗಲ ಚಲ್ಲಘಟ್ಟದ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬಂತು. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ. ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು, ನೀರು ನಿಲ್ಲಿಸಬೇಕಾಯಿತು, ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ಮತ್ತೆ ಶುರುವಾಯಿತು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರು ಸಂತೋಷಪಟ್ಟರು. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಹೋರಾಟವೂ ಜೊತೆಜೊತೆಗೆ ನಡೆಯಿತು. ಹೆಬ್ಬಾಳ ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆ ಹೋಯಿತು.

ಈಗ ವೃಷಭಾವತಿಯ ಸರದಿ. ಅದರ ಸಂಸ್ಕರಿಸಿದ ನೀರನ್ನು ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆಯ ಹತ್ತಾರು ಕೆರೆಗಳಿಗೆ ಪಂಪು ಮಾಡುವ ಯೋಜನೆಗೆ 2024ರಲ್ಲಿ ಶಂಕುಸ್ಥಾಪನೆ ಆಯಿತು. ಮೂರು ಕಣಿವೆಗಳಲ್ಲಿ ಪ್ಲೇಟಿಂಗ್ ಶೆಡ್ಡು, ಸಣ್ಣ ಕಾರ್ಖಾನೆಗಳ ಭಾರ ಬಹಳವಾಗಿ ಹೊತ್ತಿರುವುದು ಈ ಕಣಿವೆ.

ನೀರು ಬೇಡ ಎಂದು ಯಾರೂ ಹೇಳುವ ಸ್ಥಿತಿಯಲ್ಲಿಲ್ಲ. ಒಣ ಕೆರೆ ನೋಡಿದವರಿಗೆ ಆ ಮಾತು ಬರುವುದೂ ಇಲ್ಲ. ಆದರೆ ನೀರು ಬೇಕು ಎನ್ನುವವರೇ ಕೇಳಬೇಕಾದ ಪ್ರಶ್ನೆಗಳಿವೆ. ಗ್ರಾಮಸಭೆಯಲ್ಲಿ, ಪಂಚಾಯಿತಿಯಲ್ಲಿ, ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇವನ್ನು ಕೇಳಿ:

- ನಮ್ಮ ಕೆರೆಗೆ ಬರುವ ನೀರಿನಲ್ಲಿ ಕ್ರೋಮಿಯಂ, ನಿಕಲ್, ಸೀಸ, ಕ್ಯಾಡ್ಮಿಯಂ ಪರೀಕ್ಷೆ ಆಗಿದೆಯೇ, ಅಥವಾ ಬಿಒಡಿ ಮಾತ್ರವೇ?
- ಮಾದರಿ ತೆಗೆದದ್ದು ಎಷ್ಟು ಹೊತ್ತಿಗೆ? ರಾತ್ರಿಯದೂ ಇದೆಯೇ?
- ನೀರು ಬರುವ ಮೊದಲು ನಮ್ಮ ಕೆರೆಯ ಹೂಳು, ನಮ್ಮ ಕೊಳವೆಬಾವಿಯ ನೀರು ಹೇಗಿತ್ತು ಎಂಬ ದಾಖಲೆ ಇದೆಯೇ? ಇಲ್ಲದಿದ್ದರೆ ನಾಳೆ ಕೆಟ್ಟಾಗ ಯಾರಿಂದ ಕೆಟ್ಟಿತು ಎಂದು ತೋರಿಸಲು ಏನೂ ಇರುವುದಿಲ್ಲ.
- ಮೇಲೆ, ರಾಜಾಜಿನಗರ ಪೀಣ್ಯದಲ್ಲಿ, ಕಾರ್ಖಾನೆಯ ನೀರು ಕೊಳಚೆಗೆ ಸೇರದಂತೆ ಏನು ಮಾಡಿದ್ದಾರೆ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಉಳಿದ ಮೂರರ ಭಯ ಅರ್ಧ ಕಡಿಮೆ.

ಮನೆಯ ಮಟ್ಟದಲ್ಲಿ ತಿಳಿದಿರಬೇಕಾದದ್ದು ಇಷ್ಟು. ನೀರು ತಿಳಿಯಾಗಿದೆ ಎಂದರೆ ಲೋಹ ಇಲ್ಲ ಎಂದಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಲೋಹ ಇನ್ನಷ್ಟು ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೆ, ಪಟಿಕ ಹಾಕಿದರೆ ಮಣ್ಣು ಹೋಗುತ್ತದೆ, ಕರಗಿದ ಲೋಹವನ್ನು ಅದಕ್ಕೆ ನಂಬುವ ಹಾಗಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ಲೋಹವನ್ನು ಬಹುಪಾಲು ತಡೆಯುತ್ತದೆ, ಆದರೆ ತಡೆದದ್ದೆಲ್ಲ ಹೊರಗೆ ಬಿಡುವ ನೀರಿನಲ್ಲಿ ಗಾಢವಾಗಿ ಇರುತ್ತದೆ. ಆ ನೀರನ್ನು ಸೊಪ್ಪಿನ ಮಡಿಗೆ, ದನದ ತೊಟ್ಟಿಗೆ ಹರಿಸಬೇಡಿ. ಕುಡಿಯುವ ಕೊಳವೆಬಾವಿಯ ನೀರನ್ನು ವರ್ಷಕ್ಕೊಮ್ಮೆಯಾದರೂ ಜಿಲ್ಲಾ ಪ್ರಯೋಗಾಲಯದಲ್ಲಿ ಲೋಹದ ಪರೀಕ್ಷೆಗೆ ಕೊಡಿ ಎಂದು ಪಂಚಾಯಿತಿಯನ್ನು ಒತ್ತಾಯಿಸಿ. ವರದಿ ಬಂದರೆ ಅದರ ಒಂದು ಪ್ರತಿ ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ, ಇನ್ನೊಂದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬೈರಮಂಗಲದವರ ಬಳಿ ಕೆರೆ ಕೆಡುವ ಮುಂಚಿನ ಅಂಥ ಒಂದು ಕಾಗದ ಇದ್ದಿದ್ದರೆ ಅವರ ಹೋರಾಟ ಇಷ್ಟು ಕಷ್ಟವಾಗುತ್ತಿರಲಿಲ್ಲ.